ಅಪ್ಪಣೆ ಕೇಳಿದವರು ಅತಿಕ್ರಮಣದಾರರಾದದ್ದು

1801ರ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಾರವಾರದ ಸುತ್ತ ಓಡಾಡಿ, ಘಟ್ಟ ಹತ್ತಿ, ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಯ ದಾರಿ ಹಿಡಿದು ಹೋದ. ಶ್ರೀರಂಗಪಟ್ಟಣ ಬಿದ್ದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹೊಸದಾಗಿ ಕಂಪನಿಯ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ, ಎಷ್ಟು ಹುಟ್ಟುವಳಿ ಎಂದು ನೋಡಿ ಬರೆದುಕೊಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಆ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಾರವಾರ ಸೀಮೆಯ ಕಾಡಿನ ಬಗ್ಗೆ ಅದರಲ್ಲೊಂದು ಪುಟ್ಟ ಟಿಪ್ಪಣಿಯಿದೆ. ಇಲ್ಲಿಯ ಕಾಡುಗಳು ಆಯಾ ಊರಿನ ದೇವರ ಸೊತ್ತು. ಮರ ಕಡಿಯುವವರು ಊರ ಗೌಡನ ಅಪ್ಪಣೆ ಪಡೆಯಬೇಕು. ಆ ಗೌಡನೇ ಊರದೇವರ ಪೂಜಾರಿ. ಅಪ್ಪಣೆಗೆ ದೇವರು ಏನನ್ನೂ ಪಡೆಯುವುದಿಲ್ಲ, ಆದರೆ ಕೇಳದೆ ಕಡಿದವನನ್ನು ಬಿಡುವುದೂ ಇಲ್ಲ. ಜನ ಹೇಳಿದ್ದನ್ನು ಇಷ್ಟು ನೇರವಾಗಿ ಬರೆದುಕೊಂಡ ಬುಕಾನನ್, ಕೊನೆಗೆ ತನ್ನದೊಂದು ತೀರ್ಮಾನ ಸೇರಿಸಿದ: ಸರಕಾರ ಈ ಸೊತ್ತನ್ನು ತನ್ನದೆನ್ನದಂತೆ ತಡೆಯಲು ಹೂಡಿದ ಉಪಾಯ ಇದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುವಾಸಿಗಳ ಇವತ್ತಿನ ಸಂಕಟಕ್ಕೆ ಮೂಲ ಹುಡುಕುವವರು ಸಾಮಾನ್ಯವಾಗಿ 1878ರ ಅರಣ್ಯ ಕಾಯ್ದೆಯಲ್ಲಿ ನಿಲ್ಲುತ್ತಾರೆ. ಅದಕ್ಕಿಂತ ಮುಂಚಿನ ಈ ಒಂದು ವಾಕ್ಯದಲ್ಲಿ ನಿಲ್ಲಬೇಕು ಎಂಬುದು ನನ್ನ ವಾದ. ಹೇಳಿದವರು ಹೇಳಿದ್ದು ದೇವರ ಮಾತು. ಕೇಳಿಸಿಕೊಂಡವನಿಗೆ ಕೇಳಿಸಿದ್ದು ಆಸ್ತಿಯ ಮಾತು. ಕಾಡು ನಮ್ಮದಲ್ಲ, ಕೇಳಿ ಬಳಸುತ್ತೇವೆ ಎಂದು ಒಂದು ಸಮುದಾಯ ಹೇಳಿದಾಗ, ಹಾಗಾದರೆ ಇದಕ್ಕೆ ವಾರಸುದಾರರಿಲ್ಲ ಎಂದು ಆಡಳಿತ ಅರ್ಥಮಾಡಿಕೊಂಡಿತು. ಮುಂದಿನ ನೂರು ವರ್ಷಗಳಲ್ಲಿ ಬಂದ ಕಾನೂನುಗಳು ಆ ಅರ್ಥಕ್ಕೆ ಕಲಮು, ಉಪಕಲಮುಗಳ ರೂಪ ಕೊಟ್ಟವು. ಈ ಜನ ಕಾಡನ್ನು ಕಳೆದುಕೊಂಡದ್ದಕ್ಕೆ ಬಡತನ, ಅನಕ್ಷರತೆಗಳಂತೆ ಅವರ ಶ್ರದ್ಧೆಯೂ ಕಾರಣವಾಯಿತು. ಒಡೆತನ ಸಾರುವುದು ಅವರ ಧರ್ಮದಲ್ಲಿ ತಪ್ಪಾಗಿತ್ತು. ಸಾರದೆ ಇರುವುದು ಹೊಸ ಕಾನೂನಿನಲ್ಲಿ ಸೋಲಾಯಿತು.

ಆ ಶ್ರದ್ಧೆಯ ಒಳಗೇನಿದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಕಾನು ಎಂದು ಕರೆಸಿಕೊಳ್ಳುವ ನಿತ್ಯಹಸುರಿನ ತುಂಡುಗಳಿವೆ. ಸಿದ್ದಾಪುರದಲ್ಲಿ ಅವು ದಟ್ಟ. ಪೂರ್ವಕ್ಕೆ ಸೊರಬದವರೆಗೂ ಹಬ್ಬಿವೆ. ಕಾನಿನಲ್ಲಿ ಚೌಡಿ, ಭೂತಪ್ಪ, ಜಟಕಪ್ಪ, ಹುಲಿಯಪ್ಪ ಇದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಗುಡಿಯಿಲ್ಲ. ಮರದ ಬುಡದ ಒಂದು ಕಲ್ಲು, ಒಂದು ಹುತ್ತ, ಕೆಲವೆಡೆ ಬರಿಯ ಜಾಗ. ಸೂರು ಕಟ್ಟಿದರೆ ಒಲ್ಲದ ದೇವರುಗಳೂ ಇದ್ದಾರೆ; ಅವರ ಮೇಲೆ ಮಳೆಬಿಸಿಲು ಬೀಳಬೇಕು. ಕಾನಿನಿಂದ ಜನ ಏನನ್ನೂ ತರುತ್ತಿರಲಿಲ್ಲ ಎಂದಲ್ಲ. ಕಾಳುಮೆಣಸು, ಬಗನಿ, ದಾಲ್ಚಿನ್ನಿ, ಜೇನು, ಉಪ್ಪಾಗೆ ಎಲ್ಲ ಅಲ್ಲಿಂದಲೇ ಬರುತ್ತಿದ್ದವು. ಮೆಣಸಿನ ಕಾನುಗಳ ಮೇಲೆ ಹಿಂದಿನ ಅರಸರು ಕಂದಾಯವನ್ನೂ ಹಾಕಿದ್ದರು. ಹಸಿಮರಕ್ಕೆ ಕೊಡಲಿ ಇಡುವುದಕ್ಕೆ ಮಾತ್ರ ಕಟ್ಟಿತ್ತು, ಅಪ್ಪಣೆ ಬೇಕಿತ್ತು. ಅಪ್ಪಣೆ ಕೇಳುವುದೆಂದರೆ ಉತ್ತರ ‘ಬೇಡ’ ಎಂದೂ ಬರಬಹುದು ಎಂದು ಒಪ್ಪಿಕೊಂಡಿರುವುದು. ಮನುಷ್ಯ ಇಲ್ಲಿ ಯಜಮಾನನಲ್ಲ, ಬೇಡುವವ. ಬೇಡುವವನಾದ್ದರಿಂದಲೇ ಕಾಯುವ ಹೊಣೆಯೂ ಅವನದು. ಒಡೆತನವನ್ನು ದೇವರಿಗೆ ಬಿಟ್ಟು ಹೊಣೆಯನ್ನು ತಾನಿಟ್ಟುಕೊಳ್ಳುವ ಈ ವ್ಯವಸ್ಥೆಯನ್ನು ಮೂಢನಂಬಿಕೆ ಎನ್ನುವವರು ಕತ್ತಲೆಕಾನನ್ನು ನೋಡಬೇಕು. ಸಿದ್ದಾಪುರ ತಾಲ್ಲೂಕಿನ ಈ ಕಾನಿನ ರಾಂಪತ್ರೆ ಜಡ್ಡಿಗಳಲ್ಲಿ ಉಳಿದ ಗೇರಿನ ಜಾತಿಯ ಒಂದು ಮರವನ್ನು ಸಸ್ಯವಿಜ್ಞಾನಿಗಳು 2000ದಲ್ಲಿ ಗುರುತಿಸಿ, ಅದಕ್ಕೆ ಆ ಕಾನಿನ ಹೆಸರನ್ನೇ ಕೊಟ್ಟರು. ಮಾಧವ ಗಾಡ್ಗೀಳ್ ಮತ್ತು ಎಂ.ಡಿ. ಸುಭಾಷ್ ಚಂದ್ರನ್ ಉತ್ತರ ಕನ್ನಡದ ಕಾನುಗಳನ್ನು ದಶಕಗಟ್ಟಲೆ ಅಧ್ಯಯನ ಮಾಡಿ, ಅವು ಊರುಗಳು ದೇವರ ಹೆಸರಿನಲ್ಲಿ ಉದ್ದೇಶಪೂರ್ವಕವಾಗಿ ಉಳಿಸಿಕೊಂಡ ಕಾಡುಗಳು ಎಂದು ತೋರಿಸಿದ್ದಾರೆ. ವಸಾಹತು ಆಡಳಿತದ ಒಳಗೂ ಇದನ್ನು ಕಂಡವರಿದ್ದರು. ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬದ ಕಾನುಗಳ ಮೇಲೆ ವರದಿಯನ್ನೇ ಬರೆದರು. ಉತ್ತರ ಕನ್ನಡದ ಅರಣ್ಯ ಸೆಟ್ಲ್‌ಮೆಂಟ್ ಅಧಿಕಾರಿ ವಿಂಗೇಟ್ 1888ರಲ್ಲಿ ಈ ಕಾನುಗಳಿಗೂ ನೀರಿನೊರತೆಗಳಿಗೂ ಇರುವ ನಂಟನ್ನು ಗುರುತಿಸಿದ.

ಹಾಗಾಗಿ ಕಾಡಿನ ಬೆಲೆ ಆಡಳಿತದವರಿಗೆ ಗೊತ್ತಾಗಲಿಲ್ಲ ಎನ್ನುವಂತಿಲ್ಲ. ಕಾಡಿಗೂ ಜನರಿಗೂ ಇದ್ದ ಸಂಬಂಧವನ್ನು ಯಾವ ಕಲಮಿನಡಿ ಬರೆಯಬೇಕೆಂಬುದೇ ಅವರಿಗೆ ತೊಡಕಾಯಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಮೊದಲ ಅರಣ್ಯ ಕಾಯ್ದೆ ಬಂತು. ಅದು ಸಾಲದೆನಿಸಿ 1870ರ ದಶಕದಲ್ಲಿ ದೊಡ್ಡ ಚರ್ಚೆ ನಡೆಯಿತು. ಪೂರ್ವದ ಅರಸರಿಗೆ ಕಾಡಿನ ಮೇಲೆ ಪೂರ್ಣ ಒಡೆತನವಿತ್ತು, ಅದು ಈಗ ನಮ್ಮದು, ಜನರಿಗಿದ್ದದ್ದು ಅರಸನ ಕೃಪೆ ಮಾತ್ರ ಎಂದು ಅಧಿಕಾರಿ ಬೇಡನ್ ಪೊವೆಲ್ ವಾದಿಸಿದ. ಮದ್ರಾಸಿನ ಕಂದಾಯ ಮಂಡಳಿ ಇದನ್ನು ವಿರೋಧಿಸಿತು: ಯಾವುದಾದರೊಂದು ಊರಿನ ಎಲ್ಲೆಯೊಳಗೆ ಬಾರದ, ಆ ಊರಿನವರು ಬಳಸದ ಕಾಡೇ ಇಲ್ಲವೆನ್ನುವಷ್ಟು ಅಪರೂಪ ಎಂದು ಅದು ಬರೆದುಕೊಟ್ಟಿತು. ಆಡಳಿತದ ಒಳಗಿನಿಂದಲೇ ಬಂದ ಆ ತಿಳಿವಳಿಕೆ ಸೋತಿತು. 1878ರ ಕಾಯ್ದೆಯಲ್ಲಿ ಗೆದ್ದದ್ದು ಬೇಡನ್ ಪೊವೆಲ್‌ನ ತರ್ಕ; 1927ರ ಕಾಯ್ದೆಗೆ ಬಂದದ್ದೂ ಅದೇ. ವಿಧಾನ ಹೀಗಿತ್ತು: ಒಂದು ಪ್ರದೇಶವನ್ನು ಮೀಸಲು ಅರಣ್ಯ ಮಾಡುವ ಇಚ್ಛೆಯನ್ನು ಸರಕಾರ ಪ್ರಕಟಿಸುತ್ತದೆ. ಹಕ್ಕಿದೆ ಎನ್ನುವವರು ಗೊತ್ತುಪಡಿಸಿದ ಅವಧಿಯೊಳಗೆ, ಅಂದರೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ಕಾಲದೊಳಗೆ, ಬರಹದಲ್ಲಿ ಅರ್ಜಿ ಕೊಡಬೇಕು ಅಥವಾ ಅಧಿಕಾರಿಯ ಮುಂದೆ ಹಾಜರಾಗಬೇಕು. ಕೊಡದಿದ್ದವರ ಹಕ್ಕು ನಂದಿಹೋಗುತ್ತದೆ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನಂತೂ ಹಕ್ಕೆಂದು ಎಣಿಸುವಂತೆಯೇ ಇಲ್ಲ. ಅದು ಸರಕಾರ ಬೇಕಾದಾಗ ಕೊಟ್ಟು ಬೇಡವಾದಾಗ ಕಿತ್ತುಕೊಳ್ಳಬಹುದಾದ ಸವಲತ್ತು ಎಂದು ಕಾಯ್ದೆಯೇ ಬರೆದಿಟ್ಟಿತು. ಘಟ್ಟದ ಕುಣಬಿಗಳು, ಕರೆ ಒಕ್ಕಲಿಗರು, ಹಾಲಕ್ಕಿಗಳು ಬದುಕಿದ್ದೇ ಈ ಕುಮರಿಯಿಂದ. ಮದ್ರಾಸಿನ ಆಳ್ವಿಕೆಯಲ್ಲೇ, 1860ರ ಹೊತ್ತಿಗೆ, ಅರಣ್ಯಾಧಿಕಾರಿ ಕ್ಲೆಗ್‌ಹಾರ್ನನ ಒತ್ತಾಯದಿಂದ ಅದರ ಮೇಲೆ ನಿರ್ಬಂಧ ಬಿದ್ದಿತ್ತು.

ಈ ಅರ್ಜಿಯ ವಿಧಾನವನ್ನು ನ್ಯಾಯವಾದದ್ದೇ ಎಂದು ಇಂದಿಗೂ ಸಮರ್ಥಿಸುವವರಿದ್ದಾರೆ. ಅವಕಾಶ ಕೊಟ್ಟಿದ್ದರು, ಬಳಸಿಕೊಳ್ಳಲಿಲ್ಲ ಎನ್ನುತ್ತಾರೆ. ಯಾರು ಬಳಸಿಕೊಂಡರು ಎಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ಕಂದಾಯ ಕಟ್ಟುವ ಅಡಿಕೆ ತೋಟವಿದ್ದವರ ಬಳಿ ಕಾಗದವಿತ್ತು, ಕಚೇರಿಯ ಭಾಷೆಯಿತ್ತು, ತೋಟಕ್ಕೆ ಸೊಪ್ಪು ಬೇಕು ಎಂಬ, ಕಂದಾಯ ಇಲಾಖೆಗೂ ಅರ್ಥವಾಗುವ ಕಾರಣವಿತ್ತು. ಅವರಿಗೆ ಒಂದು ಎಕರೆ ತೋಟಕ್ಕೆ ಘಟ್ಟದ ಮೇಲೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಸಿಕ್ಕಿತು. ಅದೂ ಮಾಲ್ಕಿಯಲ್ಲ, ಸವಲತ್ತೇ; ಬೆಟ್ಟದ ಮೇಲಿನ ತಕರಾರು ಇಂದಿಗೂ ಮುಗಿದಿಲ್ಲ. ಆದರೂ ದಾಖಲೆಯಲ್ಲಿ ಅವರಿಗೊಂದು ಜಾಗ ಉಳಿಯಿತು. ಹಕ್ಕಲ ಕಡಿದು ರಾಗಿ ಬಿತ್ತಿ, ಕೆಲವು ವರ್ಷದ ಮೇಲೆ ಆ ನೆಲವನ್ನು ಮತ್ತೆ ಕಾಡಿಗೆ ಬಿಟ್ಟು ಮುಂದೆ ಹೋಗುತ್ತಿದ್ದವನ ಬಳಿ ತೋರಿಸಲು ಏನಿತ್ತು? ತೋರಿಸಬೇಕೆಂಬ ಯೋಚನೆಯಾದರೂ ಅವನಿಗೆ ಬರುವುದು ಹೇಗೆ? ‘ಈ ಕಾನು ನನ್ನದು’ ಎಂದು ಅರ್ಜಿ ಬರೆದರೆ ಚೌಡಿಯ ಮುಂದೆ ಸುಳ್ಳು ಹೇಳಿದಂತಾಗುತ್ತಿತ್ತು. ‘ಈ ಕಾನು ಚೌಡಿಯದು’ ಎಂದು ಬರೆದರೆ ಅರ್ಜಿ ನಿಲ್ಲುತ್ತಿರಲಿಲ್ಲ. ಸತ್ಯ ಹೇಳಿದವನಿಗೆ ಹಕ್ಕು ಸಿಗದಂತೆ ನಮೂನೆಯೇ ಇತ್ತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಆಧುನಿಕ ಕಾನೂನು ದೇವರನ್ನು ಹೇಗೆ ಒಪ್ಪಲು ಸಾಧ್ಯ? ರಾಜ್ಯ ಧರ್ಮನಿರಪೇಕ್ಷವಾಗಿರಬೇಕಲ್ಲವೆ? ಕೇಳಲು ಸರಿಯಾದ ಪ್ರಶ್ನೆಯೇ. ಆದರೆ ಚರಿತ್ರೆ ಬೇರೆ ಹೇಳುತ್ತದೆ. ಬ್ರಿಟಿಷ್ ಕಾನೂನು ದೇವರನ್ನು ಒಪ್ಪಿತ್ತು, ಕೈತುಂಬ ಒಪ್ಪಿತ್ತು. ಮೊದಲ ಅರಣ್ಯ ಕಾಯ್ದೆ ಬಂದ 1865ರಲ್ಲೇ, ದೇವಸ್ಥಾನಗಳ ಆಸ್ತಿಗೆ ಸಮಿತಿ ನೇಮಿಸುವ 1863ರ ಧಾರ್ಮಿಕ ದತ್ತಿ ಕಾಯ್ದೆಯನ್ನು ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗೆ ಬೇರೊಂದು ಕಾಯ್ದೆಯ ಮೂಲಕ ವಿಸ್ತರಿಸಿದರು. ಒಂದೇ ವರ್ಷದಲ್ಲಿ ಒಂದು ಕಾನೂನು ಗುಡಿಯೊಳಗಿನ ದೇವರ ಆಸ್ತಿಗೆ ಕಾವಲು ಒದಗಿಸಿತು, ಇನ್ನೊಂದು ಗುಡಿಯಿಲ್ಲದ ದೇವರ ನೆಲವನ್ನು ಸರಕಾರಕ್ಕೆ ಸೇರಿಸುವ ದಾರಿ ತೆರೆಯಿತು. 1925ರಲ್ಲಿ, ಪ್ರಮಥನಾಥ ಮಲ್ಲಿಕ್ ಪ್ರಕರಣದಲ್ಲಿ, ಪ್ರಿವಿ ಕೌನ್ಸಿಲ್ ಹಿಂದೂ ವಿಗ್ರಹವನ್ನು ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯೆಂದೇ ಸಾರಿ, ಅದಕ್ಕೆ ತನ್ನದೇ ಇಚ್ಛೆಯಿದೆ, ಅದನ್ನು ನ್ಯಾಯಾಲಯದಲ್ಲಿ ಪ್ರತಿನಿಧಿಸಬೇಕು ಎಂದಿತು. ಹಾಗಾಗಿ ಶಿರಸಿಯ ಮಾರಿಕಾಂಬೆಗೆ ಧರ್ಮದರ್ಶಿ ಮಂಡಳಿಯಿದೆ, ಲೆಕ್ಕಪತ್ರವಿದೆ, ಆಸ್ತಿಯಿದೆ. ಅದೇ ತಾಲ್ಲೂಕಿನ ಕಾನಿನ ಚೌಡಿ ಮಾತ್ರ ಕಾನೂನಿನ ಲೆಕ್ಕದಲ್ಲಿ ಅರಣ್ಯ ಇಲಾಖೆಯ ಜಾಗದಲ್ಲಿರುವ ಒಂದು ಕಲ್ಲು. ಇಬ್ಬರೂ ಶಕ್ತಿಯೇ ಎಂದು ನಂಬಿ ನಡೆಯುವ ಊರುಗಳಲ್ಲಿ ಕಾನೂನು ಈ ಭೇದವನ್ನು ತಂದಿತು. ತನ್ನ ಹಾಗೆಯೇ ಆಸ್ತಿ ಇಟ್ಟುಕೊಳ್ಳುವ ದೇವರು ಕಾನೂನಿಗೆ ಅರ್ಥವಾದ. ಗೋಡೆ, ಗರ್ಭಗುಡಿ, ದಾನಪತ್ರ, ಅರ್ಚಕ ಇದ್ದಲ್ಲಿ ಅದು ತಲೆಬಾಗಿತು. ಇವು ಯಾವುವೂ ಇಲ್ಲದ ಕಡೆ ಅದಕ್ಕೆ ಕಂಡದ್ದು ಬರಿಯ ಮರ. ಧರ್ಮನಿರಪೇಕ್ಷತೆ ಎಂಬ ಹೆಸರಿಗೆ ಇದು ಸಲ್ಲದು. ದೇವರುಗಳಲ್ಲೇ ಕೆಲವರನ್ನು ಆರಿಸಿಕೊಂಡದ್ದು ಇದು.

ಆ ಆಯ್ಕೆಯ ಪರಿಣಾಮ ನೆಲದ ಮೇಲೆ ಹೇಗಾಯಿತು ಎಂಬುದು ಈ ಮೂರು ತಾಲ್ಲೂಕುಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕಾಯುತ್ತಿದ್ದವನು ಕದಿಯುವವನಾದ. ಸೌದೆ, ಬಿದಿರು, ಸೊಪ್ಪು, ಮೇವು ಒಂದೊಂದೂ ಅಪರಾಧದ ಪಟ್ಟಿಗೆ ಬಂತು. ಚೌಡಿಯ ಅಪ್ಪಣೆಯ ಜಾಗಕ್ಕೆ ಗಾರ್ಡಿನ ಅಪ್ಪಣೆ ಬಂತು, ಮತ್ತು ಹಳೆಯ ಅಪ್ಪಣೆಗಿಲ್ಲದ ಬೆಲೆ ಹೊಸದಕ್ಕಿತ್ತು. 1930ರಿಂದ 32ರವರೆಗೆ ಸಿದ್ದಾಪುರ, ಅಂಕೋಲಾಗಳಲ್ಲಿ ನಡೆದ ಕರನಿರಾಕರಣೆ, ಜಂಗಲ್ ಸತ್ಯಾಗ್ರಹಗಳಲ್ಲಿ ಈ ಸಿಟ್ಟೂ ಸೇರಿತ್ತು. ಮಾವಿನಗುಂಡಿಯಲ್ಲಿ ಹೆಂಗಸರು ಕೂತ ಸತ್ಯಾಗ್ರಹವನ್ನು ಸಿದ್ದಾಪುರ ಮರೆತಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1927ರ ಕಾಯ್ದೆಯ ಮೈಯನ್ನೇ ಇಟ್ಟುಕೊಂಡು 1963ರಲ್ಲಿ ರಾಜ್ಯದ ಅರಣ್ಯ ಕಾಯ್ದೆ ರೂಪುಗೊಂಡಿತು. ಒಡೆಯ ಬದಲಾದ, ಒಡೆತನದ ಕಲ್ಪನೆ ಬದಲಾಗಲಿಲ್ಲ.

ಈ ಕಾನೂನುಗಳು ಇಲ್ಲದಿದ್ದರೆ ಕಾಡೇ ಉಳಿಯುತ್ತಿರಲಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಒಂದು ಪಾಲು ನಿಜವಿದೆ, ಮತ್ತು ಅದನ್ನು ಹಗುರಾಗಿ ತಳ್ಳಿಹಾಕಬಾರದು. ಜನಸಂಖ್ಯೆ ಬೆಳೆದು, ಅಡಿಕೆಗೆ ಬೆಲೆ ಬಂದು, ರಸ್ತೆಗಳಾದ ಮೇಲೆ ಊರಿನ ಕಟ್ಟು ಎಲ್ಲ ಕಡೆ ನಿಂತಿತೆಂದು ಹೇಳಲಾಗದು. ಎಷ್ಟೋ ದೇವರಬನಗಳು ಇಂದು ನಾಲ್ಕು ಮರಗಳಿಗೆ ಇಳಿದಿದ್ದರೆ ಅದರಲ್ಲಿ ಊರಿನವರ ಕೊಡಲಿಯೂ ಇದೆ. ಇಲಾಖೆ ಗಡಿಕಲ್ಲು ನೆಡದಿದ್ದರೆ ಕೆಲವು ಕಾಡು ತೋಟವಾಗಿ ಹೋಗುತ್ತಿತ್ತು. ಆದರೆ ರಕ್ಷಣೆಯ ಹೆಸರಿನಲ್ಲಿ ಪಡೆದುಕೊಂಡ ಕಾಡನ್ನು ರಾಜ್ಯ ಏನು ಮಾಡಿತು ಎಂಬುದೂ ಲೆಕ್ಕದಲ್ಲಿರಬೇಕು. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟದ್ದನ್ನು ಗಾಡ್ಗೀಳ್ ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವವನು ಸಂತೆಯಲ್ಲಿ ಕೊಡುತ್ತಿದ್ದ ಬೆಲೆಯ ಮುಂದೆ ಅದು ಏನೂ ಅಲ್ಲ. ನಿತ್ಯಹಸುರು ಕಾಡನ್ನು ಸವರಿ ಸಾಗುವಾನಿ, ನೀಲಗಿರಿ ನೆಟ್ಟದ್ದು ಇದೇ ಇಲಾಖೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡದ್ದು ಇಲಾಖೆಯ ಅನುಮತಿ ಪಡೆದ ಕೊಡಲಿಗಳ ಎದುರಿಗೆ. ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಆ ಅಪ್ಪಿಕೊ ಚಳವಳಿಯಿಂದಲೇ ಘಟ್ಟದ ಹಸಿಮರಗಳಿಗೆ ಉಳಿಗಾಲ ಸಿಕ್ಕಿತು. ಅಂದು ಯಾರ ನಡತೆಯಲ್ಲಿ ಕಾಯುವ ಹೊಣೆ ಕಂಡಿತು, ಯಾರ ನಡತೆಯಲ್ಲಿ ಬರಿಯ ಒಡೆತನ ಕಂಡಿತು ಎಂಬುದನ್ನು ಓದುಗರು ತೂಗಿ ನೋಡಬಹುದು.

ಮೂರನೆಯ ಆಕ್ಷೇಪ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದದ್ದು. ದೇವರ ಹೆಸರಿನ ಆ ಹಳೆಯ ವ್ಯವಸ್ಥೆ ಯಾರಿಗೆ ನ್ಯಾಯ ಕೊಟ್ಟಿತ್ತು? ಅಪ್ಪಣೆ ಕೊಡುತ್ತಿದ್ದ ಗೌಡ ಯಾವ ಜಾತಿಯವನು, ಕೇಳಬೇಕಾಗಿದ್ದವನು ಯಾವ ಜಾತಿಯವನು? ಯಲ್ಲಾಪುರದ ಸಿದ್ದಿಗಳನ್ನೇ ನೋಡಿ. ಆಫ್ರಿಕಾದಿಂದ ಗುಲಾಮರಾಗಿ ಪಶ್ಚಿಮ ಕರಾವಳಿಗೆ ತರಲ್ಪಟ್ಟವರ ಸಂತತಿ ಅವರು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮೊಮ್ಮಕ್ಕಳು ಅವರಲ್ಲಿ ಬಹಳ. ಕಾಡಿನಲ್ಲಿ ಬಿಡುಗಡೆ ಸಿಕ್ಕಿತಾದರೂ ಊರಿನಲ್ಲಿ ಸಿಕ್ಕಿದ್ದು ಬಹುಮಟ್ಟಿಗೆ ಒಡೆಯರ ಮನೆಯ ದುಡಿಮೆ. ದೇವರ ಕಾಡು ಎಂಬ ಮಾತು ಅವರ ಸಾಲವನ್ನು ತೀರಿಸಲಿಲ್ಲ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಳೆಯ ಊರನ್ನು ಸ್ವರ್ಗವೆಂದು ತೋರಿಸಿ ವಸಾಹತಿನ ಕಾನೂನನ್ನು ಬೈಯುವುದು ಸುಲಭ, ಮತ್ತು ಸುಳ್ಳು. ಆದರೆ ಆ ಕಾನೂನು ಊರೊಳಗಿನ ಈ ಅನ್ಯಾಯವನ್ನು ಮುಟ್ಟಲಿಲ್ಲ ಎಂಬುದನ್ನೂ ಗಮನಿಸಬೇಕು. ಕಾಗದವಿದ್ದವರ ಕೈ ಬಲವಾಯಿತು, ಇಲ್ಲದವರು ಇನ್ನಷ್ಟು ಕೆಳಗಿಳಿದರು. 1974ರ ಭೂಸುಧಾರಣೆ ಗದ್ದೆ ಉಳುವವನನ್ನು ಗದ್ದೆಯ ಒಡೆಯನನ್ನಾಗಿ ಮಾಡಿತು. ಅದು ದೊಡ್ಡ ಕೆಲಸ. ಆದರೆ ಸಿದ್ದಿ, ಕುಣಬಿ, ಗೌಳಿಯ ಬದುಕು ನಿಂತಿದ್ದ ಕಾಡಂಚಿನ ನೆಲ ಗೇಣಿಯ ಲೆಕ್ಕಕ್ಕೇ ಬಂದಿರಲಿಲ್ಲ. ಅಲ್ಲಿ ಉಳಿದವರು ಅತಿಕ್ರಮಣದಾರರಾಗಿಯೇ ಉಳಿದರು.

ಸಿದ್ದಿಗಳ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ಪ್ರಶ್ನೆಯನ್ನೂ ಎದುರಿಸಬೇಕು: ಯಾರು ಮೂಲನಿವಾಸಿ? ಜಗತ್ತಿನ ಬಹುಪಾಲು ಚರ್ಚೆಯಲ್ಲಿ ಮೊದಲು ಬಂದವನಿಗೆ ಮೊದಲ ಹಕ್ಕು ಎಂಬ ಊಹೆಯಿದೆ. ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯ 1992ರಲ್ಲಿ ಮಾಬೊ ತೀರ್ಪು ಕೊಟ್ಟು, ಆ ನೆಲ ಯಾರದ್ದೂ ಆಗಿರಲಿಲ್ಲ ಎಂಬ ವಸಾಹತಿನ ಕಟ್ಟುಕಥೆಯನ್ನು ತಳ್ಳಿಹಾಕಿದಾಗಲೂ ಅದರ ಬಲ ಬಂದದ್ದು ವಸಾಹತಿಗಿಂತ ಮೊದಲಿನ ವಾಸದಿಂದ. ಯಲ್ಲಾಪುರದಲ್ಲಿ ಈ ಅಳತೆಗೋಲು ಕೆಲಸ ಮಾಡುವುದಿಲ್ಲ. ಸಿದ್ದಿಗಳು ಬೇರೆ ಖಂಡದಿಂದ ಬಂದವರು. ಅವರ ಪೂರ್ವಿಕರು ಬಂದದ್ದು ಕೆಲವೇ ಶತಮಾನಗಳ ಹಿಂದೆ. ಆದರೂ ಆ ಕಾಡಿನಲ್ಲಿ ಅವರಿಗೆ ಹಿರಿಯರಿದ್ದಾರೆ, ದೇವರಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಬಿಟ್ಟು ಸಿದ್ದಿಗಳು ಸಾತುಂಬೈಲಿನ ಸಿದ್ದಿನಾಸನಿಗೆ ನಡೆದುಕೊಳ್ಳುತ್ತಾರೆ. ಬೇರನ್ನು ಕಿತ್ತು ತಂದು ಎಸೆಯಲ್ಪಟ್ಟವರು ಇಲ್ಲಿನ ನೆಲದೊಂದಿಗೆ ಹೊಸದಾಗಿ ಬೆಸೆದ ನಂಟು ಅದು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಎರಡೂ ತಡವಾಗಿ ಬಂದ ನ್ಯಾಯ. ಸಿದ್ದಿಗಳ ಉದಾಹರಣೆಯಿಂದ ನಾನು ತಿಳಿಯುವುದಿಷ್ಟು: ನೆಲದ ಮೇಲಿನ ಹಕ್ಕು ಹುಟ್ಟುವುದು ಯಾರು ಮೊದಲು ಬಂದರು ಎಂಬುದರಿಂದಲ್ಲ, ಬಂದವರು ಆ ನೆಲದೊಡನೆ ಯಾವ ಹೊಣೆ ಕಟ್ಟಿಕೊಂಡರು ಎಂಬುದರಿಂದ.

2006ರ ಅರಣ್ಯ ಹಕ್ಕು ಕಾಯ್ದೆ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸುವುದಾಗಿ ತನ್ನ ಪೀಠಿಕೆಯಲ್ಲೇ ಹೇಳಿಕೊಂಡಿತು. ವಸಾಹತಿನ ತರ್ಕವನ್ನು ಇಷ್ಟು ನೇರವಾಗಿ ತಪ್ಪೆಂದ ಕಾಯ್ದೆ ನಮ್ಮಲ್ಲಿ ಬೇರೊಂದಿಲ್ಲ. ಆದರೂ ಅದರ ಹೊಟ್ಟೆಯಲ್ಲಿ ಹಳೆಯ ಪ್ರಶ್ನೆ ಉಳಿದುಕೊಂಡಿದೆ. ಪಂಗಡದ ಪಟ್ಟಿಯಲ್ಲಿದ್ದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಅನುಭೋಗ ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದನ್ನು ರುಜುವಾತುಪಡಿಸಬೇಕು. ಕುಣಬಿಗಳು, ಹಾಲಕ್ಕಿಗಳು, ಗೌಳಿಗಳು ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಯಲ್ಲಾಪುರದ ಕುಣಬಿಯೊಬ್ಬ 1930ರ ದಾಖಲೆ ಹುಡುಕಬೇಕು. 1930ರಲ್ಲಿ ಆ ಕಾಡಿನ ಬಗ್ಗೆ ಬರೆಯುವ ಲೇಖನಿ ಇದ್ದದ್ದು ಅರಣ್ಯ ಇಲಾಖೆಯ ಕೈಯಲ್ಲಿ. ಅದು ಅವನ ಅಜ್ಜನ ಹೆಸರು ಬರೆದಿದ್ದರೆ ಬಹುಶಃ ದಂಡದ ಪುಸ್ತಕದಲ್ಲಿ ಬರೆದಿರುತ್ತದೆ. ಜಿಲ್ಲೆಯಲ್ಲಿ ಸಲ್ಲಿಸಿದ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾದದ್ದಕ್ಕೆ ಈ 75 ವರ್ಷಗಳೇ ಮುಖ್ಯ ಕಾರಣ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು ರಾಜ್ಯಗಳಿಗೆ ಹೇಳಿ, ಅದೇ ತಿಂಗಳ 28ರಂದು ತನ್ನ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ಆ ಎರಡು ವಾರ ಶಿರಸಿ ಸೀಮೆಯ ಕಾಡಂಚಿನ ಮನೆಗಳಲ್ಲಿ ಯಾರಿಗೂ ನಿದ್ದೆಯಿರಲಿಲ್ಲ ಎಂದರೆ ಅತಿಶಯವಲ್ಲ.

ಹಾಗಾದರೆ ದೇವರಬನವನ್ನೇ ಕಾನೂನಿನ ವ್ಯಕ್ತಿಯೆಂದು ಸಾರಿಬಿಡಬಹುದೆ? ವಿಗ್ರಹಕ್ಕೆ ಕೊಟ್ಟದ್ದನ್ನು ಕಾನಿಗೂ ಕೊಡಿ ಎಂದು ಕೇಳುವುದು ತರ್ಕಕ್ಕೆ ಸರಿಯಾಗಿಯೇ ಕಾಣುತ್ತದೆ. ನ್ಯೂಜಿಲೆಂಡ್ 2014ರಲ್ಲಿ ತೆ ಉರೆವೆರಾ ಕಾಡಿಗೆ ಅಂಥ ಸ್ಥಾನ ಕೊಟ್ಟಿದೆ. ಆದರೂ ನಾನು ಆ ದಾರಿಯನ್ನು ಒಪ್ಪಲಾರೆ. 2019ರ ನವೆಂಬರ್ 9ರ ಅಯೋಧ್ಯೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿರಾಜಮಾನ ದೇವರನ್ನು ವ್ಯಕ್ತಿಯೆಂದು ಒಪ್ಪಿ, ಜನ್ಮಸ್ಥಾನವೆಂಬ ನೆಲವನ್ನೇ ವ್ಯಕ್ತಿಯೆನ್ನಲು ನಿರಾಕರಿಸಿತು. ನೆಲವನ್ನೇ ದೇವರೆಂದು ಕಾನೂನು ಒಪ್ಪಿದರೆ ಬೇರೆ ಯಾರ ವಾದಕ್ಕೂ ಜಾಗವೇ ಉಳಿಯದು ಎಂಬ ಅದರ ಆತಂಕದಲ್ಲಿ ಹುರುಳಿದೆ. ಕಾನಿನ ಚೌಡಿಗೆ ಒಬ್ಬ ಕಾನೂನಿನ ಪ್ರತಿನಿಧಿ ನೇಮಕವಾದ ಎಂದಿಟ್ಟುಕೊಳ್ಳೋಣ. ಅವನು ಯಾರಾಗಿರುತ್ತಾನೆ? ಊರಿನ ಪ್ರಬಲನೇ. ನಾಳೆ ಕಲ್ಲಿನ ಸುತ್ತ ಕಾಂಕ್ರೀಟು ಗುಡಿ ಏಳುತ್ತದೆ, ಬನದ ಮರ ಅದರ ಬಾಗಿಲಾಗುತ್ತದೆ, ಸಿದ್ದಿ ಹೊರಗೆ ನಿಲ್ಲುತ್ತಾನೆ. ಕಾಡುದೇವರಿಗೆ ಒಡೆತನ ಹೊರಿಸುವುದು, ಒಡೆತನವೇ ಬೇಡವೆಂದಿದ್ದ ಆ ಶ್ರದ್ಧೆಗೆ ಮಾಡುವ ಎರಡನೆಯ ಅನ್ಯಾಯ. ಕಾನೂನು ಗುರುತಿಸಬೇಕಾದದ್ದು ಜನ ಹೊತ್ತ ಹೊಣೆಯನ್ನು. ಆ ಹೊಣೆ ಹೊತ್ತವರಿಗೆ, ಎಲ್ಲ ಜಾತಿಯವರೂ ಹೆಂಗಸರೂ ಕೂತ ಗ್ರಾಮಸಭೆಗೆ, ‘ಬೇಡ’ ಎನ್ನುವ ಅಧಿಕಾರವಿರಬೇಕು.

ಇದು ಆಗದ ಮಾತಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1988ರ ಲಿಂಗ್ ಪ್ರಕರಣದಲ್ಲಿ, ಕ್ಯಾಲಿಫೋರ್ನಿಯಾದ ಯುರೊಕ್, ಕರುಕ್, ತೊಲೊವ ಜನರ ಪವಿತ್ರ ಬೆಟ್ಟಗಳಲ್ಲಿ ರಸ್ತೆ ಮಾಡಿದರೆ ಅವರ ಧರ್ಮಾಚರಣೆಯೇ ನಾಶವಾಗಬಹುದು ಎಂದು ಒಪ್ಪಿಯೂ, ನೆಲ ಸರಕಾರದ್ದಲ್ಲವೆ ಎಂದು ರಸ್ತೆಯ ಪರ ನಿಂತಿತು. ಬುಕಾನನ್ನನ ವಾಕ್ಯದ ದೂರದ ಸಂತಾನ ಆ ತೀರ್ಪು. ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರಂದು ಒಡಿಶಾದ ನಿಯಮಗಿರಿಯ ವಿಷಯದಲ್ಲಿ ಬೇರೆ ದಾರಿ ತುಳಿಯಿತು. ಬೆಟ್ಟದೊಡೆಯ ನಿಯಮರಾಜನ ಆರಾಧನೆಗೆ ಅಲ್ಲಿ ಬರಲಿದ್ದ ಗಣಿಯಿಂದ ಧಕ್ಕೆಯಾಗುವುದೆ ಎಂಬುದನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಹನ್ನೆರಡು ಗ್ರಾಮಸಭೆಗಳು ಕೂಡಿ, ಹನ್ನೆರಡೂ ಬೇಡವೆಂದವು. ದೇವರಿದ್ದಾನೆಯೆ ಎಂದು ನ್ಯಾಯಾಲಯ ಕೇಳಲಿಲ್ಲ, ನೆಲದ ಪಹಣಿ ಯಾರ ಹೆಸರಿನಲ್ಲಿದೆ ಎಂದು ಅಷ್ಟಕ್ಕೇ ನಿಲ್ಲಲೂ ಇಲ್ಲ, ನಂಟುಳ್ಳವರನ್ನು ಕೇಳಿತು.

2024ರ ಡಿಸೆಂಬರ್ 18ರಂದು ರಾಜಸ್ಥಾನದ ಓರಣಗಳ ವಿಚಾರದಲ್ಲಿ ಅದೇ ನ್ಯಾಯಾಲಯ, ದೇವರಕಾಡುಗಳನ್ನು ನೆಲದ ಮೇಲೂ ಉಪಗ್ರಹದ ಮೂಲಕವೂ ನಕ್ಷೆ ಮಾಡಿ ಕಾಪಾಡಲು ಹೇಳಿತು. ಒಳ್ಳೆಯದು, ಆದರೆ ನಕ್ಷೆ ಯಾರ ಕೈಯಲ್ಲಿ ಎಂಬುದರ ಮೇಲೆ ಅದರ ಫಲ ನಿಂತಿದೆ. ಇಲಾಖೆಯೇ ಗೆರೆ ಎಳೆದರೆ ಸಿದ್ದಾಪುರದ ಕಾನುಗಳು 1878ರ ನಂತರ ಹೋದ ದಾರಿಯಲ್ಲೇ ಮತ್ತೊಮ್ಮೆ ಹೋಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕುಲಗಳ ಯೆಲ್ಲೆಗಳನ್ನೂ ಅಲ್ಲಿನ ದೇವರು, ಮಾರಮ್ಮ, ವೀರ, ಅಬ್ಬಿ, ಕಲ್ಲುಗುಡಿಗಳನ್ನೂ ತಾವೇ ಗುರುತಿಸಿ ನಕ್ಷೆ ಮಾಡಿದರು. ಅಲ್ಲಿ 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ಮಂಜೂರಾಯಿತು. ನಮ್ಮ ಮೂರು ತಾಲ್ಲೂಕುಗಳ ಅರಣ್ಯ ಹಕ್ಕು ಸಮಿತಿಗಳ ಶ್ರಮವೆಲ್ಲ ಬಹುಪಾಲು ಒಂದೊಂದು ಮನೆಯ ಒಂದೊಂದು ಅರ್ಜಿಗೆ, ಜಿಪಿಎಸ್ ಅಳತೆಗೆ ಹೋಗಿದೆ. ಅದು ಹೊಟ್ಟೆಪಾಡಿನ ಅಗತ್ಯ, ಬೇಡವೆನ್ನುವಂತಿಲ್ಲ. ಅದರ ಜೊತೆಗೆ, ಅರಣ್ಯ ಹಕ್ಕು ಕಾಯ್ದೆಯ 3ನೇ ಕಲಮು ಒಪ್ಪುವ, ಸಮುದಾಯವಾಗಿ ಕಾಡನ್ನು ಕಾಯುವ ಹಕ್ಕನ್ನೂ ಕೇಳಬಹುದು. ಆ ಅರ್ಜಿಗೆ 1930ರ ಕಾಗದವನ್ನೇ ಹುಡುಕಬೇಕಾಗಿಲ್ಲ. ಒಂದಕ್ಕಿಂತ ಹೆಚ್ಚು ಪುರಾವೆ ಬೇಕು ಎನ್ನುವ, ಆ ಕಾಯ್ದೆಯಡಿಯ 13ನೇ ನಿಯಮ, ಸಮುದಾಯದ ಹಕ್ಕಿಗೆ ಯಾವುದು ಪುರಾವೆಯಾಗಬಹುದು ಎಂದು ಎಣಿಸುವಾಗ ಪವಿತ್ರ ಮರ, ಬನ, ಕೆರೆ, ಸ್ಮಶಾನಗಳ ಹೆಸರನ್ನೂ ಹಿರಿಯರು ಹೇಳಿ ಬರೆಸಿದ ಹೇಳಿಕೆಯನ್ನೂ ಬಾಯಿಬಿಟ್ಟು ಹೇಳಿದೆ. ಕಾನಿನ ಚೌಡಿಯನ್ನು ತೋರಿಸಿ, ಅಲ್ಲಿಯ ಕಟ್ಟನ್ನು ಬಲ್ಲ ಅಜ್ಜಿಯರ ಮಾತನ್ನು ಬರೆಸಿ, ಗ್ರಾಮಸಭೆಯ ಠರಾವಿನೊಂದಿಗೆ ಶಿರಸಿಯ ಉಪವಿಭಾಗ ಸಮಿತಿಯ ಮುಂದಿಡುವುದಕ್ಕೆ ಇವತ್ತು ಕಾನೂನಿನ ಅಡ್ಡಿಯಿಲ್ಲ.